ಹೊಗೆ ಕಾಣದ ಚಿಮಣಿ

1989ರ ಲೋಕಸಭಾ ಚುನಾವಣೆಯ ಹೊತ್ತಿಗೆ ನಾನು ಕಾರವಾರದಲ್ಲಿ ಭೌತಶಾಸ್ತ್ರದ ಹೊಸ ಮೇಷ್ಟ್ರು. ಎಂಬತ್ತೇಳು ವರ್ಷದ ಶಿವರಾಮ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ ನಮ್ಮ ಕ್ಷೇತ್ರದಿಂದ ನಿಂತಿದ್ದರು. ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಅದೇ ಮಾತು. ಕನ್ನಡದ ಮೇಷ್ಟ್ರು ಕಾರಂತರ ಕಡೆ, ಅರ್ಥಶಾಸ್ತ್ರದವರು ಕರೆಂಟಿನ ಕಡೆ. "ನೀವು ಫಿಸಿಕ್ಸಿನವರು, ನೀವೇ ಹೇಳಿ ಮಾರಾಯ್ರೆ" ಎಂದು ಇಬ್ಬರೂ ನನ್ನತ್ತ ತಿರುಗುತ್ತಿದ್ದರು. ನಾನು ಪರಮಾಣು ವಿದಳನದ ಬಗ್ಗೆ ಹತ್ತು ನಿಮಿಷ ಹೇಳಿ, ಅವರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡದೆ ಕೈ ತೊಳೆಯಲು ಏಳುತ್ತಿದ್ದೆ. ಕಾರಂತರು ಸೋತರು. ಕಾಳಿ ನದಿಯ ದಂಡೆಯಲ್ಲಿ ಸ್ಥಾವರ ಎದ್ದಿತು. 2000ದ ಹೊತ್ತಿಗೆ ಮೊದಲ ಎರಡು ಘಟಕಗಳಿಂದ ವಿದ್ಯುತ್ ಹರಿಯತೊಡಗಿತು.

ಅದರ ಮರುವರ್ಷ ದೊಡ್ಡಾಯಿಯನ್ನು ಕಾರವಾರದ ಡಾಕ್ಟರಿಗೆ ತೋರಿಸಿ, ಯಲ್ಲಾಪುರದ ಕಡೆಯ ಅವಳ ಮನೆಗೆ ಬಿಡಲು ಹೊರಟಿದ್ದೆ. ದಾರಿಯಲ್ಲಿ ಕಾಡಿನ ಹಸಿರಿನ ನಡುವೆ ಸ್ಥಾವರದ ಗುಮ್ಮಟಗಳೂ ಚಿಮಣಿಯೂ ಕಂಡವು. ದೊಡ್ಡಾಯಿ ಕಿಟಕಿಯಿಂದ ತುಸು ಹೊತ್ತು ನೋಡಿದಳು. ಆಮೇಲೆ ಕೇಳಿದಳು: "ಹೊಗೆನೇ ಬತ್ತಿಲ್ಲೆ ಅಲ್ದಾ ಮಾಣಿ, ಮತ್ತೆ ಅಷ್ಟೆತ್ತರದ ಚಿಮಣಿ ಎಂತಕ್ಕೆ?"

"ಎಂತದೂ ಬತ್ತಿಲ್ಲೆ ದೊಡ್ಡಾಯಿ" ಎಂದೆ.

ಅದು ಸುಳ್ಳು. ಆಗಲೂ ನನಗೆ ಅದು ಸುಳ್ಳೆಂದು ಗೊತ್ತಿತ್ತು. ಎಂತದೂ ಬಾರದಿದ್ದರೆ ಚಿಮಣಿ ಬೇಕಿರಲಿಲ್ಲ. ಅಡುಗೆಮನೆಯಲ್ಲಿ ಒಲೆಯ ಮುಂದೆ ಅರವತ್ತು ವರ್ಷ ಕೂತವಳಿಗೆ ಅಷ್ಟು ತಿಳಿಯದೇ? ಅವಳು ಮತ್ತೇನೂ ಕೇಳಲಿಲ್ಲ. ಆದರೆ ಆ ಪ್ರಶ್ನೆಗೆ ಸರಿಯಾದ ಉತ್ತರವನ್ನು ಹುಡುಕುತ್ತ ನಾನು ನಿವೃತ್ತಿಯ ನಂತರದ ಹಲವು ಸಂಜೆಗಳನ್ನು ಕಳೆದಿದ್ದೇನೆ. ಅಣುಸ್ಥಾವರದ ಚಿಮಣಿಯಿಂದ ಏನು ಬರುತ್ತದೆ, ಎಷ್ಟು ಬರುತ್ತದೆ, ಅದನ್ನು ಯಾರು ಅಳೆಯುತ್ತಾರೆ, ಅಳೆದದ್ದನ್ನು ಯಾರಿಗೆ ಹೇಳುತ್ತಾರೆ? ಈ ಪ್ರಶ್ನೆಗಳಿಗೊಂದು ಇತಿಹಾಸವಿದೆ. ಅದು ಶುರುವಾಗುವುದು ಕಾಳಿ ನದಿಯ ದಂಡೆಯಲ್ಲಲ್ಲ, ಅಮೆರಿಕದ ಕೊಲಂಬಿಯಾ ನದಿಯ ದಂಡೆಯಲ್ಲಿ.

2018ರಲ್ಲಿ ಮಗಳ ಮನೆಗೆಂದು ಸಿಯಾಟಲ್‌ಗೆ ಹೋಗಿದ್ದಾಗ ಅಳಿಯ ನನ್ನ ಹಟಕ್ಕೆ ಮಣಿದು ರಿಚ್‌ಲ್ಯಾಂಡ್ ಎಂಬ ಊರಿಗೆ ಕರೆದೊಯ್ದ. ಸಿಯಾಟಲ್‌ನ ಮಳೆ, ದೇವದಾರು ಎಲ್ಲ ಬೆಟ್ಟಸಾಲಿನ ಆಚೆಗೇ ಉಳಿಯುತ್ತವೆ. ಇತ್ತ ಇಳಿದರೆ ಬಳ್ಳಾರಿ ಸೀಮೆಯ ಹಾಗೆ ಬೋಳು ಬಯಲು, ಮೊಣಕಾಲೆತ್ತರದ ಬೂದುಬಣ್ಣದ ಸೇಜ್ ಪೊದೆಗಳು, ನಡುವೆ ತುಂಬಿ ಹರಿಯುವ ನದಿ. ಅಲ್ಲಿಂದ ಬಸ್ಸಿನಲ್ಲಿ ಹ್ಯಾನ್‌ಫರ್ಡ್‌ನ ಬಿ ರಿಯಾಕ್ಟರ್ ತೋರಿಸಲು ಒಯ್ಯುತ್ತಾರೆ. ಈಗ ಅದು ರಾಷ್ಟ್ರೀಯ ಉದ್ಯಾನದ ಭಾಗ. 1943ರಲ್ಲಿ ಅಲ್ಲಿನ ರೈತರನ್ನೂ ವನಪಮ್ ಎಂಬ ಮೂಲನಿವಾಸಿಗಳನ್ನೂ ಎಬ್ಬಿಸಿ ಜಾಗ ತೆಗೆದುಕೊಂಡರು. 1944ರ ಸೆಪ್ಟೆಂಬರ್ 26ರಂದು ರಿಯಾಕ್ಟರ್ ಚಾಲೂ ಆಯಿತು. ನಾಗಸಾಕಿಯ ಮೇಲೆ ಬಿದ್ದ ಬಾಂಬಿನ ಪ್ಲುಟೋನಿಯಂ ಹುಟ್ಟಿದ್ದು ಹ್ಯಾನ್‌ಫರ್ಡ್‌ನಲ್ಲಿ. ಜನ ರಿಯಾಕ್ಟರಿನ ಎದುರು ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು, ನಾವೂ ತೆಗೆಸಿಕೊಂಡೆವು. ನನಗೆ ನೋಡಬೇಕಿದ್ದದ್ದು ಟಿ ಪ್ಲಾಂಟ್. ಅದು ಪ್ರವಾಸದ ಪಟ್ಟಿಯಲ್ಲಿರಲಿಲ್ಲ.

ಟಿ ಪ್ಲಾಂಟ್‌ನ ಕೆಲಸ ಇಷ್ಟು. ರಿಯಾಕ್ಟರಿನಲ್ಲಿ ಬೆಂದ ಯುರೇನಿಯಂ ತುಂಡುಗಳ ಒಳಗೆ ಪ್ಲುಟೋನಿಯಂ ಕೂತಿರುತ್ತದೆ. ಅದನ್ನು ತೆಗೆಯಬೇಕಾದರೆ ತುಂಡುಗಳನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಬೇಕು. ಕರಗುವಾಗ ಒಳಗೆ ಸಿಕ್ಕಿಕೊಂಡಿದ್ದ ಅನಿಲಗಳೆಲ್ಲ ಬಿಡುಗಡೆಯಾಗುತ್ತವೆ. ಅವುಗಳಲ್ಲಿ ತಲೆನೋವಿನದ್ದು ಅಯೋಡಿನ್-131. ಅದರ ಅರ್ಧಾಯುಷ್ಯ 8 ದಿನ. ಅಂದರೆ ತುಂಡುಗಳನ್ನು ಕೊಳದ ನೀರಿನಲ್ಲಿ ಹಾಕಿ ಕಾಯ್ದಷ್ಟೂ ಅಯೋಡಿನ್ ತಾನಾಗಿ ಕ್ಷಯಿಸುತ್ತದೆ. 40 ದಿನ ಕಾಯ್ದರೆ ಮೂವತ್ತೆರಡನೆಯ ಒಂದು ಪಾಲು ಉಳಿಯುತ್ತದೆ, 90 ದಿನ ಕಾಯ್ದರೆ ಎರಡು ಸಾವಿರದಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಅರ್ಧಾಯುಷ್ಯದ ಲೆಕ್ಕವನ್ನು ಮಕ್ಕಳಿಗೆ ಮೂವತ್ತು ವರ್ಷ ಬೋರ್ಡಿನ ಮೇಲೆ ಮಾಡಿಸಿದ್ದೇನೆ. ಯುದ್ಧದ ಅವಸರದಲ್ಲಿ ಕಾಯುವವರು ಯಾರೂ ಇರಲಿಲ್ಲ ಎಂಬುದನ್ನು ಆ ಲೆಕ್ಕದ ಜೊತೆ ಹೇಳಬಹುದಿತ್ತು ಎಂದು ಈಗ ಅನ್ನಿಸುತ್ತದೆ.

1944ರ ಡಿಸೆಂಬರ್ ಕೊನೆಯಲ್ಲಿ ಟಿ ಪ್ಲಾಂಟ್ ಕೆಲಸ ಶುರುಮಾಡಿತು. ಅದರ ಚಿಮಣಿ 200 ಅಡಿ ಎತ್ತರ. ಆಗ ಅದಕ್ಕೆ ಫಿಲ್ಟರ್ ಇರಲಿಲ್ಲ. 1945 ಒಂದೇ ವರ್ಷದಲ್ಲಿ ಹ್ಯಾನ್‌ಫರ್ಡ್‌ನ ಚಿಮಣಿಗಳಿಂದ ಹೊರಬಿದ್ದ ಅಯೋಡಿನ್-131, ಆಮೇಲೆ ಹಾಕಿದ ಲೆಕ್ಕದ ಪ್ರಕಾರ, 5,55,000 ಕ್ಯೂರಿ. ಈ ಅಂಕಿ ಎಷ್ಟು ದೊಡ್ಡದೆಂದರೆ, 1979ರಲ್ಲಿ ಇಡೀ ಅಮೆರಿಕವನ್ನು ನಡುಗಿಸಿದ ತ್ರೀ ಮೈಲ್ ಐಲ್ಯಾಂಡ್ ಅಪಘಾತದಲ್ಲಿ ಹೊರಬಿದ್ದದ್ದು ಸುಮಾರು 15 ಕ್ಯೂರಿ.

ಅಲ್ಲಿದ್ದವರು ಅಜ್ಞಾನಿಗಳಾಗಿದ್ದರು, ಅಳೆಯಲು ಬರುತ್ತಿರಲಿಲ್ಲ ಎಂದು ಭಾವಿಸಬೇಡಿ. ನನ್ನನ್ನು ಹೆಚ್ಚು ಕಾಡಿದ್ದೇ ಅದು. ಸ್ಥಾವರ ಚಾಲೂ ಆಗುವ ಮೊದಲೇ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹವಾಮಾನ ತಜ್ಞ ಫಿಲ್ ಚರ್ಚ್ ಅಲ್ಲಿ ಹೊಗೆ ಬಿಟ್ಟು, ಅದು ಹೇಗೆ ಹರಡುತ್ತದೆ, ಯಾವ ಹೊತ್ತಿನಲ್ಲಿ ನೆಲಕ್ಕೆ ಇಳಿಯುತ್ತದೆ ಎಂದು ಅಭ್ಯಾಸ ಮಾಡಿದ್ದ. ಗಾಳಿಯನ್ನು ಅಳೆಯಲೆಂದೇ 400 ಅಡಿಗೂ ಎತ್ತರದ ಗೋಪುರ ನಿಲ್ಲಿಸಿದ್ದರು. ಗಾಳಿ ಅನುಕೂಲವಿದ್ದಾಗ ಕರಗಿಸುವುದು, ಇಲ್ಲದಿದ್ದರೆ ಮುಂದೂಡುವುದು ಎಂಬ ಪದ್ಧತಿಯಿತ್ತು. ಹರ್ಬರ್ಟ್ ಪಾರ್ಕರ್ ಎಂಬ ಇಂಗ್ಲೆಂಡ್ ಮೂಲದ ವೈದ್ಯಕೀಯ ಭೌತಶಾಸ್ತ್ರಜ್ಞ ಆರೋಗ್ಯ ರಕ್ಷಣೆಯ ವಿಭಾಗ ನೋಡಿಕೊಳ್ಳುತ್ತಿದ್ದ. ಅವನ ಜನ ಸುತ್ತಲಿನ ಸೇಜ್ ಪೊದೆಗಳ ಎಲೆ ಕಿತ್ತು ತಂದು ಅಯೋಡಿನ್ ಎಣಿಸುತ್ತಿದ್ದರು. ತಿನ್ನುವ ಸೊಪ್ಪಿನ ಮೇಲೆ ಎಷ್ಟು ಅಯೋಡಿನ್ ಇದ್ದರೆ ಸಹಿಸಬಹುದು ಎಂದು 1946ರ ಜನವರಿಯಲ್ಲೇ ಪಾರ್ಕರ್ ಒಂದು ಮಿತಿ ಬರೆದಿಟ್ಟ. ಅದೇ ವರ್ಷ ಒಬ್ಬ ಸಿಬ್ಬಂದಿ ತಾನು ಕೃಷಿ ಇಲಾಖೆಯವನೆಂದು ಹೇಳಿಕೊಂಡು ಹೊಲಗಳಿಗೆ ಹೋಗಿ, ದನ ಕುರಿಗಳ ಕುತ್ತಿಗೆಗೆ ಉಪಕರಣ ಹಿಡಿದು ಥೈರಾಯ್ಡ್ ಪರೀಕ್ಷಿಸಿ ಬಂದ. ಯಜಮಾನರಿಗೆ ಅದು ಏನೆಂದು ಗೊತ್ತಾಗಲಿಲ್ಲ.

ಅಂದರೆ ಅಳತೆ ಇತ್ತು, ಮಿತಿ ಇತ್ತು, ಲೆಕ್ಕದ ಪುಸ್ತಕವೂ ಇತ್ತು. ಮಿತಿ ಹಾಕಿದವರು, ಅಳೆದವರು, ಮಿತಿ ಮೀರಿದೆಯೋ ಇಲ್ಲವೋ ಎಂದು ತೀರ್ಮಾನಿಸಿದವರು ಮಾತ್ರ ಒಂದೇ ಬೇಲಿಯ ಒಳಗಿದ್ದರು. ಪುಸ್ತಕದ ಮೇಲೆ ರಹಸ್ಯ ಎಂಬ ಮುದ್ರೆ ಬಿದ್ದಿತ್ತು.

ಅವರ ಅಳತೆಯಲ್ಲಿ ಬಿಟ್ಟುಹೋದ ಒಂದು ವಸ್ತುವಿತ್ತು: ಹಾಲು. ದೊಡ್ಡಾಯಿಯ ಕೊಟ್ಟಿಗೆಯಲ್ಲಿ ಬೆಳೆದ ನನಗೆ ಇದು ಓದಿದ ಕೂಡಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಅಯೋಡಿನ್ ಹುಲ್ಲಿನ ಮೇಲೆ ತೆಳ್ಳಗೆ ಕೂರುತ್ತದೆ. ಒಂದು ಎಲೆ ಕಿತ್ತು ನೋಡಿದರೆ ಅಷ್ಟೇನೂ ಅಲ್ಲ. ಆದರೆ ಹಸು ದಿನಕ್ಕೆ ಎಷ್ಟು ಅಗಲದ ಹುಲ್ಲು ಮೇಯುತ್ತದೆ! ಇಡೀ ಬ್ಯಾಣದ ಮೇಲೆ ಬಿದ್ದದ್ದನ್ನು ಗುಡಿಸಿ ಒಂದು ಚೊಂಬಿಗೆ ತರುವ ಪ್ರಾಣಿ ಅದು. ಆ ಚೊಂಬಿನ ಹಾಲು ಹೋಗುವುದು ಮಗುವಿಗೆ. ಮಗುವಿನ ಥೈರಾಯ್ಡ್ ಗ್ರಂಥಿ ಪುಟ್ಟದು, ಅಯೋಡಿನ್ನನ್ನು ಆಸೆಪಟ್ಟು ಹೀರುವಂಥದು. ಹೀಗೆ ಉಸಿರಿನಿಂದ ಆಗುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹಾಲಿನಿಂದ ಆಗುತ್ತದೆ. ಹ್ಯಾನ್‌ಫರ್ಡ್‌ನಲ್ಲಿ ಹಾಲನ್ನು ಕ್ರಮವಾಗಿ ಪರೀಕ್ಷಿಸತೊಡಗಿದ್ದು ಐವತ್ತರ ದಶಕದ ಉತ್ತರಾರ್ಧದಲ್ಲಿ, ದೊಡ್ಡ ಪ್ರಮಾಣದ ಅಯೋಡಿನ್ ಹೊರಬಿದ್ದು ಹತ್ತು ವರ್ಷ ಕಳೆದ ಮೇಲೆ.

ಹಾಲಿನ ವಿಷಯವನ್ನು ಜಗತ್ತಿಗೆಲ್ಲ ಮನದಟ್ಟು ಮಾಡಿಸಿದ್ದು ಇಂಗ್ಲೆಂಡಿನ ವಿಂಡ್‌ಸ್ಕೇಲ್. 1957ರ ಅಕ್ಟೋಬರಿನಲ್ಲಿ ಅಲ್ಲಿನ ರಿಯಾಕ್ಟರಿಗೆ ಬೆಂಕಿ ಬಿದ್ದಾಗ 500 ಚದರ ಕಿಲೋಮೀಟರ್ ಪ್ರದೇಶದ ಹಾಲನ್ನು ವಾರಗಟ್ಟಲೆ ಚೆಲ್ಲಿದರು. ಅಲ್ಲಿನ ಚಿಮಣಿಗಳದ್ದೂ ಒಂದು ಕತೆ. ಅರ್ಧ ಕಟ್ಟಿ ಆದ ಮೇಲೆ ಭೌತಶಾಸ್ತ್ರಜ್ಞ ಜಾನ್ ಕಾಕ್‌ಕ್ರಾಫ್ಟ್ ಫಿಲ್ಟರ್ ಇರಲೇಬೇಕೆಂದು ಪಟ್ಟು ಹಿಡಿದ. ಬುಡದಲ್ಲಿ ಇಡಲು ಜಾಗ ಉಳಿದಿರಲಿಲ್ಲ. ಹಾಗಾಗಿ ಸುಮಾರು 400 ಅಡಿ ಎತ್ತರದ ತುದಿಯಲ್ಲಿ ರುಮಾಲು ಸುತ್ತಿದ ಹಾಗೆ ಫಿಲ್ಟರಿನ ಕೋಣೆ ಕಟ್ಟಬೇಕಾಯಿತು. ಕೆಲಸಗಾರರು ಅದನ್ನು ಕಾಕ್‌ಕ್ರಾಫ್ಟನ ಹುಚ್ಚಾಟ ಎಂದು ನಗುತ್ತಿದ್ದರು. ಬೆಂಕಿ ಬಿದ್ದ ದಿನ ಅಯೋಡಿನ್ ತಪ್ಪಿಸಿಕೊಂಡಿತಾದರೂ ಬಹಳಷ್ಟು ಕಣಗಳನ್ನು ಆ ರುಮಾಲೇ ಹಿಡಿಯಿತು.

ಹ್ಯಾನ್‌ಫರ್ಡ್ ಕೂಡ ಅಷ್ಟರಲ್ಲಿ ಫಿಲ್ಟರ್ ಹಾಕಿಕೊಂಡಿತ್ತು. 1947ರಲ್ಲಿ ಚಿಮಣಿಗೆ ಹೋಗುವ ಗಾಳಿಗೊಳವೆಗಳು ತುಕ್ಕು ಹಿಡಿದು, ವಿಕಿರಣ ಅಂಟಿದ ಚಕ್ಕೆಗಳು ಅಂಗಳದ ತುಂಬ ಬಿದ್ದವು. ಇದು ಕೆಲಸಗಾರರ ಕಾಲಿಗೇ ತಗಲುವ ಸಂಗತಿ, ಹಾಗಾಗಿ ಮರುವರ್ಷವೇ ಮರಳಿನ ಫಿಲ್ಟರ್ ಬಂತು. ನಾವು ಬಾವಿ ನೀರನ್ನು ಮರಳಿನಲ್ಲಿ ಸೋಸುವ ಹಾಗೆ ಗಾಳಿಯನ್ನು ಸೋಸುವುದು. ಗಾಳಿಯನ್ನು ನೀರಿನಿಂದ ತೊಳೆಯುವ ಸಾಧನವನ್ನೂ ಕೂಡಿಸಿದರು. 1950ರ ಕೊನೆಯ ಹೊತ್ತಿಗೆ ಅಯೋಡಿನ್ ಹಿಡಿಯಲು ಬೆಳ್ಳಿಯ ಲವಣ ಸವರಿದ ಪಾತ್ರೆಗಳೂ ಬಂದವು. ಕಾಯುವ ಅವಧಿಯನ್ನೂ 90 ದಿನಕ್ಕಿಂತ ಮೇಲೆ ಏರಿಸಿದ್ದರು.

ಇಷ್ಟೆಲ್ಲ ಕಲಿಯುತ್ತಿದ್ದ ದಿನಗಳಲ್ಲೇ ಗ್ರೀನ್ ರನ್ ನಡೆಯಿತು.

ಇಂಗ್ಲಿಷಿನ ಗ್ರೀನ್ ಎಂಬ ಪದಕ್ಕೆ ಇಲ್ಲಿ ಹಸಿರು ಎಂದರೆ ಅರ್ಥ ಕೆಡುತ್ತದೆ. ನಮ್ಮ ಹಸಿ ಸೌದೆಯ ಹಸಿ ಅದು. ಒಣಗಲು ಬಿಡದೆ ಒಲೆಗೆ ಹಾಕಿದ್ದು. 1949ರ ಆಗಸ್ಟಿನಲ್ಲಿ ಸೋವಿಯತ್ ಒಕ್ಕೂಟ ತನ್ನ ಮೊದಲ ಬಾಂಬು ಸಿಡಿಸಿತ್ತು. ಅವರು ಎಷ್ಟು ಪ್ಲುಟೋನಿಯಂ ಮಾಡುತ್ತಿದ್ದಾರೆಂದು ಗಾಳಿಯನ್ನು ಮೂಸಿಯೇ ಪತ್ತೆಹಚ್ಚಬೇಕು, ಅವರು ಅವಸರದಲ್ಲಿ ಹಸಿ ತುಂಡುಗಳನ್ನೇ ಕರಗಿಸುತ್ತಿರಬಹುದು, ಹಾಗಾದರೆ ನಾವೂ ಹಸಿ ಕರಗಿಸಿ ನಮ್ಮ ಉಪಕರಣಗಳಿಗೆ ಅದು ಸಿಗುತ್ತದೋ ನೋಡೋಣ ಎಂಬುದು ವಾಯುಪಡೆಯ ಆಲೋಚನೆ. 1949ರ ಡಿಸೆಂಬರ್ 2ರ ರಾತ್ರಿ, ಬರೀ 16 ದಿನ ಆರಿದ ತುಂಡುಗಳನ್ನು ಟಿ ಪ್ಲಾಂಟ್‌ನಲ್ಲಿ ಕರಗಿಸಿದರು. ತೊಳೆಯುವ ಸಾಧನವನ್ನು ಬಳಸಲಿಲ್ಲ. ಹವೆ ಎಣಿಸಿದ ಹಾಗಿರಲಿಲ್ಲ. ಮೋಡ ಚದುರುವ ಬದಲು ಕೆಳಗೇ ಸುತ್ತಾಡಿತು. ಸ್ಪೋಕೇನ್ ತನಕದ ಗಿಡಗಳ ಮೇಲೆ ಅಯೋಡಿನ್ ಸಿಕ್ಕಿತು. ಆ ಒಂದು ರಾತ್ರಿಯದ್ದು ಸುಮಾರು 11,000 ಕ್ಯೂರಿ ಎಂದು ಆಮೇಲಿನ ಲೆಕ್ಕ.

ಹ್ಯಾನ್‌ಫರ್ಡ್ ಬಗ್ಗೆ ಬರೆಯುವವರೆಲ್ಲ ಗ್ರೀನ್ ರನ್ ಬಗ್ಗೆ ಬರೆಯುತ್ತಾರೆ. ಬರೆಯಬೇಕಾದ್ದೇ. ಬೇಕೆಂದೇ ಮಾಡಿದ್ದು, ಹೆಸರಿಟ್ಟು ಮಾಡಿದ್ದು. ಆದರೆ ನನ್ನೊಳಗಿನ ಲೆಕ್ಕದ ಮೇಷ್ಟ್ರು ಸುಮ್ಮನಿರುವುದಿಲ್ಲ. 1945ರಲ್ಲಿ ಹೊರಬಿದ್ದದ್ದು ಇಂಥ ಐವತ್ತು ರಾತ್ರಿಗಳಿಗೆ ಸಮ. ಆ ದಿನಗಳಿಗೆ ಹೆಸರಿಲ್ಲ. ಪಾಳಿ ಬದಲಾಯಿತು, ಕರಗಿಸಿದರು, ಪುಸ್ತಕದಲ್ಲಿ ಗೀಚಿದರು, ಮನೆಗೆ ಹೋದರು.

ಆ ಪುಸ್ತಕಗಳು ಹೊರಗೆ ಬಂದದ್ದು 1986ರ ಫೆಬ್ರುವರಿ 27ರಂದು. ಅದಕ್ಕೂ ಮೊದಲು ಸ್ಪೋಕೇನ್‌ನ ಪತ್ರಕರ್ತೆ ಕರೆನ್ ಡಾರ್ನ್ ಸ್ಟೀಲ್ ಹ್ಯಾನ್‌ಫರ್ಡ್ ಬಗ್ಗೆ ಬಿಡದೆ ಬರೆಯುತ್ತಿದ್ದರು. ಅದೇ ಊರಿನ ನಾಗರಿಕರ ಗುಂಪೊಂದು ಮಾಹಿತಿ ಹಕ್ಕಿನ ಕಾಯಿದೆಯಡಿ ಅರ್ಜಿ ಹಾಕಿತ್ತು. ಇಂಧನ ಇಲಾಖೆಯ ಸ್ಥಳೀಯ ಮುಖ್ಯಸ್ಥರು 19,000 ಪುಟಗಳ ಕಟ್ಟುಗಳನ್ನು ಮೇಜಿನ ಮೇಲೆ ಇಟ್ಟರು. ಎರಡೇ ತಿಂಗಳಿಗೆ ಚೆರ್ನೋಬಿಲ್ ಸಂಭವಿಸಿತು. ಗಾಳಿ ಬೀಸುವ ದಿಕ್ಕಿನ ಹೊಲಗಳಲ್ಲಿ ಬೆಳೆದವರು, ಆಗ ನಲವತ್ತರ ಆಸುಪಾಸಿನವರು, ತಮ್ಮ ಥೈರಾಯ್ಡ್ ಮಾತ್ರೆಯ ಡಬ್ಬಿಯನ್ನು ಹೊಸ ಕಣ್ಣಿನಿಂದ ನೋಡತೊಡಗಿದರು.

ಇಲ್ಲಿಂದ ಮುಂದೆ ವಿಜ್ಞಾನಿಗಳು ಇತಿಹಾಸಕಾರರಾಗಬೇಕಾಯಿತು. 1945ರಲ್ಲಿ ಚಿಮಣಿಯ ಬಾಯಲ್ಲಿ ಈಗಿನ ಹಾಗೆ ಅಳೆದಿರಲಿಲ್ಲ. ಹಾಗಾದರೆ ಎಷ್ಟು ಹೊರಬಿತ್ತೆಂದು ಹೇಳುವುದು ಹೇಗೆ? ರಿಯಾಕ್ಟರ್ ಯಾವ ದಿನ ಎಷ್ಟು ಶಕ್ತಿಯಲ್ಲಿ ಓಡಿತು, ತುಂಡುಗಳನ್ನು ಯಾವಾಗ ತೆಗೆದರು, ಎಷ್ಟು ದಿನ ನೀರಿನಲ್ಲಿಟ್ಟರು, ಯಾವ ಹೊತ್ತಿಗೆ ಆಮ್ಲಕ್ಕೆ ಹಾಕಿದರು ಎಂದು ಹಳೆಯ ದಿನಚರಿಗಳನ್ನು ಓದಿ ಗಂಟೆ ಗಂಟೆಯ ಲೆಕ್ಕ ಕಟ್ಟಿದರು. ಆ ಗಂಟೆಯ ಗಾಳಿ ಎತ್ತ ಬೀಸುತ್ತಿತ್ತು, ಯಾವ ಊರಿನ ಹಸು ಆಗ ಹುಲ್ಲುಗಾವಲಿನಲ್ಲಿತ್ತು, ಯಾವುದು ಒಣಹುಲ್ಲು ತಿನ್ನುತ್ತಿತ್ತು, ಹಾಲು ಮನೆಯದೋ ಡೇರಿಯದೋ ಎಂಬುದನ್ನೆಲ್ಲ ಸೇರಿಸಿದರು. ನಮ್ಮಲ್ಲಿ ಶಾಸನ ಓದುವವರು ದತ್ತಿ ಬಿಟ್ಟ ಗದ್ದೆಯ ಚಕ್ಕುಬಂದಿ ಹುಡುಕುವಷ್ಟೇ ತಾಳ್ಮೆಯ ಕೆಲಸ. 1994ರಲ್ಲಿ ಬಂದ ಫಲಿತಾಂಶದ ಪ್ರಕಾರ, ನದಿಯಾಚೆಯ ರಿಂಗೋಲ್ಡ್‌ನಲ್ಲಿ ಮನೆಯ ಹಸುವಿನ ಹಾಲು ಕುಡಿದ ಕೂಸಿನ ಥೈರಾಯ್ಡ್‌ಗೆ ತಗಲಿದ್ದು 54ರಿಂದ 870 ರ‍್ಯಾಡ್‌ವರೆಗೆ ಇರಬಹುದು, ನಡುವಿನ ಅಂದಾಜು 235.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧಸತ್ಯವಾಗುತ್ತದೆ. ಆ ಪ್ರದೇಶದಲ್ಲಿ 1940ರಿಂದ 1946ರ ನಡುವೆ ಹುಟ್ಟಿದ 3,440 ಜನರನ್ನು ಪರೀಕ್ಷಿಸಿದ ಅಧ್ಯಯನದ ಅಂತಿಮ ವರದಿ 2002ರಲ್ಲಿ ಬಂತು. ಹೆಚ್ಚು ವಿಕಿರಣ ತಗಲಿದವರಲ್ಲಿ ಥೈರಾಯ್ಡ್ ಕಾಯಿಲೆ ಹೆಚ್ಚಾಗಿದೆ ಎಂದು ಅದು ಕಂಡುಕೊಳ್ಳಲಿಲ್ಲ. ಜನ ಸಿಟ್ಟಾದರು. ಅಂದಾಜಿನಲ್ಲೇ ಇಷ್ಟು ಅಗಲದ ಅನಿಶ್ಚಿತತೆ ಇರುವಾಗ ಸಂಬಂಧ ಕಂಡಿಲ್ಲ ಎಂದರೆ ಇಲ್ಲವೆಂದೇ ಅರ್ಥವೇ ಎಂದು ಕೆಲವು ವಿಜ್ಞಾನಿಗಳೂ ಕೇಳಿದರು. ನನಗೆ ಅಧ್ಯಯನ ಮಾಡಿದವರ ಪ್ರಾಮಾಣಿಕತೆಯ ಬಗ್ಗೆ ಸಂಶಯವಿಲ್ಲ. ಆದರೆ ನಲವತ್ತು ವರ್ಷ ಸುಳ್ಳು ಕೇಳಿದವರು ನಿಜವನ್ನೂ ನಂಬದಿದ್ದರೆ ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಇದೇ ವರ್ಷಗಳಲ್ಲಿ, ಬೇರೊಂದು ದಾರಿಯಲ್ಲಿ, ಚಿಮಣಿಗಳಿಗೆ ಕಾನೂನು ಬರುತ್ತಿತ್ತು. ಅದೂ ಸುಮ್ಮನೆ ಬರಲಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1979ರಲ್ಲಿ ವಿಕಿರಣಶೀಲ ವಸ್ತುಗಳನ್ನು ಅಪಾಯಕಾರಿ ವಾಯುಮಾಲಿನ್ಯಗಳ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿಸಿದ ಮೇಲೆ ಮಿತಿ ಗೊತ್ತುಪಡಿಸಬೇಕು. ಅದು ಗೊತ್ತುಪಡಿಸಲಿಲ್ಲ. ಸಿಯೆರಾ ಕ್ಲಬ್ ಕೋರ್ಟಿಗೆ ಹೋಯಿತು. ಕರಡು ಹೊರಡಿಸಿ 1984ರಲ್ಲಿ ವಾಪಸು ಪಡೆದಾಗ ನ್ಯಾಯಾಲಯ ಸಂಸ್ಥೆಯ ಮೇಲೆ ನ್ಯಾಯಾಂಗ ನಿಂದನೆಯ ತೀರ್ಪನ್ನೇ ಕೊಟ್ಟಿತು. ಮರುವರ್ಷ ನಿಯಮ ಬಂತು. ಅದು ಮತ್ತೆ ಪರಿಷ್ಕರಣೆಯಾಗಿ 1989ರ ಡಿಸೆಂಬರ್‌ನಲ್ಲಿ ಈಗಿನ ರೂಪ ಪಡೆಯಿತು. ಕಾರಂತರು ನಮ್ಮಲ್ಲಿ ಚುನಾವಣೆ ಸೋತ ಮರುತಿಂಗಳು.

ನಿಯಮದ ತಿರುಳು ಒಂದು ವಾಕ್ಯದ್ದು. ಇಂಧನ ಇಲಾಖೆಯ ಯಾವುದೇ ಸ್ಥಾವರದ ಗಾಳಿಯಿಂದ ಸಾರ್ವಜನಿಕರಲ್ಲಿ ಯಾರೊಬ್ಬರಿಗೂ ವರ್ಷಕ್ಕೆ 10 ಮಿಲಿರೆಮ್‌ಗಿಂತ ಹೆಚ್ಚು ವಿಕಿರಣ ತಗಲಬಾರದು. ಪ್ರಕೃತಿಯಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 240 ಮಿಲಿರೆಮ್ ಬರುತ್ತಲೇ ಇರುತ್ತದೆ, ಆದ್ದರಿಂದ ಇದು ಬಿಗಿಯಾದ ಮಿತಿ. ಲೆಕ್ಕ ಹಾಕುವುದು ಬೇಲಿಯ ಬಳಿ ನಿಂತ ಕಾಲ್ಪನಿಕ ಮನುಷ್ಯನಿಗಲ್ಲ. ನಿಜವಾಗಿ ಮನೆ, ಶಾಲೆ, ಅಂಗಡಿ ಅಥವಾ ಕಚೇರಿ ಇರುವ ಕಡೆ ಇರುವವನಿಗೆ. ಅವನು ಉಸಿರಾಡುವ ಗಾಳಿಯ ಜೊತೆಗೆ ತಿನ್ನುವ ತರಕಾರಿ, ಕುಡಿಯುವ ಹಾಲು ಲೆಕ್ಕದಲ್ಲಿರುತ್ತವೆ. 1945ರಲ್ಲಿ ಬಿಟ್ಟುಹೋದ ಹಸು ಕೊನೆಗೂ ಸೂತ್ರದೊಳಗೆ ಬಂದು ನಿಂತಿದೆ.

ನನಗೆ ಆ ನಿಯಮದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು ಕಟ್ಟಳೆ. ಯಾವ ಚಿಮಣಿಯನ್ನು ಬಿಡುವಿಲ್ಲದೆ ಅಳೆಯಬೇಕು, ಯಾವುದನ್ನು ಆಗಾಗ ನೋಡಿದರೆ ಸಾಕು ಎಂದು ವಿಂಗಡಿಸಬೇಕಲ್ಲ? ಅದಕ್ಕೆ 0.1 ಮಿಲಿರೆಮ್ ಎಂಬ ಗೆರೆ. ಆದರೆ ಆ ಗೆರೆ ದಾಟುತ್ತದೋ ಎಂದು ಲೆಕ್ಕ ಹಾಕುವಾಗ ಫಿಲ್ಟರ್ ಇಲ್ಲವೇ ಇಲ್ಲ ಎಂದು ಭಾವಿಸಬೇಕು. ಉಳಿದ ಕೆಲಸವೆಲ್ಲ ಎಂದಿನಂತೆ ನಡೆದಿದೆ, ಫಿಲ್ಟರ್ ಮಾತ್ರ ಇಲ್ಲ, ಆಗ ಎಷ್ಟು ಹೊರಬೀಳುತ್ತದೆ? ಅದರ ಮೇಲೆ ಚಿಮಣಿಯ ದರ್ಜೆ ನಿರ್ಧಾರ. ನಮ್ಮ ಫಿಲ್ಟರ್ ಚೆನ್ನಾಗಿದೆ, ಆದ್ದರಿಂದ ಅಳೆಯುವ ಅಗತ್ಯವಿಲ್ಲ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ಇದನ್ನು ಬರೆದವರು ಯಾರೋ, ಅವರಿಗೆ ಮನುಷ್ಯರ ಪರಿಚಯ ಚೆನ್ನಾಗಿತ್ತು.

ಇನ್ನು ಅಳೆಯುವ ಬಗೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಚಿಮಣಿಯಲ್ಲಿ ಆ ಮಾತು ನಡೆಯುವುದಿಲ್ಲ. ನಾಲ್ಕಾರು ಅಡಿ ಅಗಲದ ಕೊಳವೆಯಲ್ಲಿ ರಭಸದಿಂದ ಏರುವ ಗಾಳಿಗೆ ಸಣ್ಣ ನಳಿಕೆ ಚಾಚಿ ಸ್ವಲ್ಪ ಗಾಳಿ ಎಳೆದು, ಕಾಗದದಂಥ ಫಿಲ್ಟರಿನ ಮೇಲೆ ಹಾಯಿಸಿ, ಅಂಟಿದ್ದನ್ನು ಎಣಿಸುತ್ತಾರೆ. ನಳಿಕೆಯ ಜಾಗ ತಪ್ಪಿದರೆ ಅಗುಳು ಬೆಂದ ಕಡೆಯದೋ ಬೇಯದ ಕಡೆಯದೋ ಗೊತ್ತಾಗದು. ಎಳೆಯುವ ವೇಗ ಚಿಮಣಿಯ ಗಾಳಿಯ ವೇಗಕ್ಕೆ ಹೊಂದದಿದ್ದರೂ ತಪ್ಪುತ್ತದೆ. ಅರಬೈಲ್ ಘಟ್ಟದ ತಿರುವಿನಲ್ಲಿ ಬೈಕು ಥಟ್ಟನೆ ತಿರುಗುತ್ತದೆ, ಸರಕು ತುಂಬಿದ ಲಾರಿಗೆ ಆಗುವುದಿಲ್ಲ. ಹಾಗೆಯೇ ಹಗುರ ಕಣ ನಳಿಕೆಯತ್ತ ಹೊರಳುತ್ತದೆ, ಭಾರದ ಕಣ ನೇರ ಹೋಗಿಬಿಡುತ್ತದೆ. ಒಳಗೆ ಬಂದವೂ ಕೊಳವೆಯ ಬಾಗಿನಲ್ಲಿ ಅಂಟಿಕೊಂಡು ಫಿಲ್ಟರಿನ ತನಕ ಬರುವುದಿಲ್ಲ. ಎಣಿಕೆ ಕಡಿಮೆ ಬಂತೆಂದು ಖುಷಿಪಟ್ಟರೆ, ಕಡಿಮೆ ಬಂದದ್ದು ವಿಕಿರಣವಲ್ಲ, ಅಳತೆ. 1969ರ ತಾಂತ್ರಿಕ ಮಾನದಂಡ ನಳಿಕೆಗಳನ್ನು ಹೆಚ್ಚಿಸಿ ಇದನ್ನು ಬಿಡಿಸಲು ನೋಡಿತು. 1999ರ ಮಾನದಂಡ ಬೇರೆ ದಾರಿ ಹಿಡಿಯಿತು: ಗಾಳಿ ಚೆನ್ನಾಗಿ ಬೆರೆತಿದೆ ಎಂದು ಪರೀಕ್ಷಿಸಿ ತೋರಿಸಿದ ಜಾಗದಲ್ಲಿ ಒಂದೇ ನಳಿಕೆ ಸಾಕು. ಮೊದಲು ಸೌಟಿನಿಂದ ತಿರುವಿ, ತಿರುವಿದ್ದಕ್ಕೆ ಸಾಕ್ಷಿ ಕೊಟ್ಟು, ಆಮೇಲೆ ಒಂದು ಅಗುಳು ತೆಗೆ ಎಂದ ಹಾಗೆ.

ಇವೆಲ್ಲ ಎಂಜಿನಿಯರುಗಳ ತಲೆಹರಟೆ ಎಂದು ಅನ್ನಿಸಬಹುದು. ನ್ಯೂ ಮೆಕ್ಸಿಕೊದ ಲಾಸ್ ಅಲಮೋಸ್ ಪ್ರಯೋಗಾಲಯದವರಿಗೂ ಅನ್ನಿಸಿರಬೇಕು. ಮೊದಲ ಬಾಂಬನ್ನು ರೂಪಿಸಿದ ಪ್ರಯೋಗಾಲಯ ಅದು. ಸಾಂಟಾ ಫೆ ನಗರದ ನಾಗರಿಕರ ಸಂಘಟನೆಯೊಂದು 1994ರಲ್ಲಿ ಅದರ ಚಿಮಣಿಗಳ ಬಗ್ಗೆ ದಾವೆ ಹೂಡಿತು. 1996ರಲ್ಲಿ ತೀರ್ಪು ಬಂದಾಗ, ಮುಖ್ಯವೆಂದು ಗುರುತಿಸಿದ 33 ಚಿಮಣಿಗಳಲ್ಲಿ 31 ನಿಯಮದ ಪ್ರಕಾರ ಅಳತೆಗೆ ಒಳಪಟ್ಟಿರಲಿಲ್ಲ. ಮರುವರ್ಷ ಆದ ಒಪ್ಪಂದದಲ್ಲಿ ಹೊರಗಿನವರಿಂದ ಲೆಕ್ಕ ತಪಾಸಣೆ ಮಾಡಿಸಬೇಕೆಂದಾಯಿತು. ಜಾನ್ ಟಿಲ್ ಎಂಬ ತಜ್ಞರ ತಂಡ ತಪಾಸಣೆ ಮಾಡಿತು. ನಾಗರಿಕರ ಪರವಾಗಿ ಆ ತಪಾಸಣೆಯ ಮೇಲೆ ಕಣ್ಣಿಡಲು ಬೇರೆ ತಂಡವಿತ್ತು, ಅದರ ಮುಂಚೂಣಿಯಲ್ಲಿದ್ದವರು ಭಾರತದಲ್ಲಿ ಹುಟ್ಟಿದ ಎಂಜಿನಿಯರ್ ಅರ್ಜುನ್ ಮಖಿಜಾನಿ. ತಪಾಸಕರ ಮೇಲೂ ತಪಾಸಕರು!

ಆ ಮೊದಲ ತಪಾಸಣೆಯ ಫಲಿತಾಂಶವನ್ನು ನಾನು ಎರಡು ಸಲ ಓದಿಕೊಂಡೆ. 1996ರಲ್ಲಿ ಪ್ರಯೋಗಾಲಯ 10 ಮಿಲಿರೆಮ್ ಮಿತಿಯನ್ನು ಮೀರಿರಲಿಲ್ಲ. ಆದರೂ ಅದು ನಿಯಮ ಪಾಲಿಸಿಲ್ಲ, ಯಾಕೆಂದರೆ ಮೀರಿಲ್ಲವೆಂದು ತೋರಿಸುವ ಕ್ರಮದಲ್ಲಿ ತಾಂತ್ರಿಕ ಲೋಪಗಳಿವೆ. ನನ್ನ ವಿದ್ಯಾರ್ಥಿಗಳಿಗೆ ಇದು ಹೊಸದಾಗಿ ಕೇಳಿಸದು. ಉತ್ತರ ಸರಿ, ಹಂತಗಳಿಲ್ಲ, ಅಂಕವಿಲ್ಲ ಎಂದು ಎಷ್ಟು ಪತ್ರಿಕೆಗಳ ಮೇಲೆ ಕೆಂಪು ಗೆರೆ ಎಳೆದಿಲ್ಲ ನಾನು? ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು "ಉತ್ತರ ಸರಿ ಅದೆಯಲ್ಲ ಸರ್" ಎಂದು ಜಗಳ ಮಾಡುತ್ತಿದ್ದ. ಅವನಿಗೆ ಹೇಳಲು ಆಗ ನನ್ನ ಬಳಿ ಒಳ್ಳೆಯ ಉದಾಹರಣೆ ಇರಲಿಲ್ಲ.

ಇವತ್ತು ಹ್ಯಾನ್‌ಫರ್ಡ್ ತನ್ನ ಚಿಮಣಿಗಳ ಲೆಕ್ಕವನ್ನು ಪ್ರತಿವರ್ಷ ಜೂನ್ ಕೊನೆಯೊಳಗೆ ಸಲ್ಲಿಸುತ್ತದೆ. ಯಾರು ಬೇಕಾದರೂ ಓದಬಹುದು. ಸಾಮಾನ್ಯವಾಗಿ ಅಂಕಿ ಒಂದು ಮಿಲಿರೆಮ್ಮಿಗೂ ಬಹಳ ಕೆಳಗೆ. ಪ್ಲುಟೋನಿಯಂ ತಯಾರಿಕೆ ನಿಂತು ದಶಕಗಳಾದವು, ಈಗಿನದು ಕಸ ಗುಡಿಸುವ ಕೆಲಸ. ವಾಷಿಂಗ್ಟನ್ ರಾಜ್ಯದ ಆರೋಗ್ಯ ಇಲಾಖೆ ಬೇರೆಯಾಗಿ ಉಸ್ತುವಾರಿ ನೋಡುತ್ತದೆ.

ನಮ್ಮ ಕೈಗಾದ ಚಿಮಣಿ ಹ್ಯಾನ್‌ಫರ್ಡ್‌ನ ಚಿಮಣಿಯಲ್ಲ. ಇದನ್ನು ಒತ್ತಿ ಹೇಳಬೇಕು, ಇಲ್ಲದಿದ್ದರೆ ಹೆದರಿಸಿದಂತಾಗುತ್ತದೆ. ಇಲ್ಲಿ ಇಂಧನವನ್ನು ಆಮ್ಲದಲ್ಲಿ ಕರಗಿಸುವುದಿಲ್ಲ, ಫಿಲ್ಟರ್ ಮೊದಲ ದಿನದಿಂದ ಇದೆ. ಭಾರಜಲದ ರಿಯಾಕ್ಟರ್ ಆದ್ದರಿಂದ ಟ್ರಿಟಿಯಂ, ಕೆಲವು ನಿಷ್ಕ್ರಿಯ ಅನಿಲಗಳು ಅಲ್ಪ ಪ್ರಮಾಣದಲ್ಲಿ ಹೊರಹೋಗುತ್ತವೆ, ಅವನ್ನು ಅಳೆಯುತ್ತಾರೆ. ಸಾರ್ವಜನಿಕರಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಹಾಕಿದ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್, ಅಂದರೆ ಹಳೆಯ ಲೆಕ್ಕದಲ್ಲಿ 100 ಮಿಲಿರೆಮ್. ಅದು ಗಾಳಿ ನೀರು ಎಲ್ಲ ಸೇರಿ, ಅಮೆರಿಕದ 10 ಗಾಳಿಗಷ್ಟೇ, ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ನಮ್ಮದು ಹತ್ತು ಪಟ್ಟು ಸಡಿಲ ಎನ್ನುವುದು ತಪ್ಪು. ಸ್ಥಾವರ ಶುರುವಾಗುವ ಮೊದಲೇ ಸುತ್ತಲಿನ ಮಣ್ಣು, ನೀರು, ಗಿಡಗಳ ವಿಕಿರಣವನ್ನು ಅಳೆದಿಟ್ಟಿದ್ದರು. ಮಂಗಳೂರು ವಿಶ್ವವಿದ್ಯಾಲಯದ ಭೌತಶಾಸ್ತ್ರದವರೂ ಅಲ್ಲಿ ಕೆಲಸ ಮಾಡಿದ್ದಾರೆ. ಹ್ಯಾನ್‌ಫರ್ಡ್ ಕಲಿಸಿದ ಪಾಠಗಳಲ್ಲಿ ಇವು ನಮ್ಮ ತನಕ ಬಂದವು. ಬೇಲಿಯ ಹೊರಗಿನಿಂದ ಕೇಳುವ ಹಕ್ಕಿನ ಪಾಠ ಅಷ್ಟು ಸಲೀಸಾಗಿ ಬರಲಿಲ್ಲ. ನಿಯಂತ್ರಣ ಮಂಡಳಿಗೆ ಕಾನೂನಿನ ಸ್ವತಂತ್ರ ಸ್ಥಾನವಿಲ್ಲ ಎಂದು 2012ರಲ್ಲಿ ಆಕ್ಷೇಪಿಸಿದ್ದು ಚಳವಳಿಗಾರರಲ್ಲ, ಭಾರತದ ಮಹಾಲೇಖಪಾಲರು.

ಅಮೆರಿಕದಿಂದ ಬಂದ ಮೇಲೆ ದೊಡ್ಡಾಯಿಯ ಮನೆಗೆ ಹೋಗಿದ್ದೆ. ಅವಳಿಗೆ ಆಗ ಎಂಬತ್ತಾರು. ಕಿವಿ ಮಂದವಾಗಿತ್ತು, ಬುದ್ಧಿ ಆಗಿರಲಿಲ್ಲ. ಜಗುಲಿಯಲ್ಲಿ ಕೂತು ಹ್ಯಾನ್‌ಫರ್ಡ್‌ನ ಹಸುವಿನ ಕತೆ ಹೇಳಿದೆ. ಆಮೇಲೆ ಹದಿನೇಳು ವರ್ಷದ ಹಿಂದಿನ ಆ ಪ್ರಶ್ನೆಯನ್ನು ನೆನಪಿಸಿ, ಕೈಗಾದ ಚಿಮಣಿಯಿಂದಲೂ ಬರ್ತದೆ, ಕಣ್ಣಿಗೆ ಕಾಣುವುದಿಲ್ಲ, ಬಹಳ ಸ್ವಲ್ಪ, ದಿನವೂ ಅಳೆಯುತ್ತಾರೆ ಎಂದು ಜೋರಾಗಿ ಕೂಗಿ ಹೇಳಿದೆ. ಅವಳು ಕವಳದ ಸಂಚಿಯಿಂದ ಎಲೆ ತೆಗೆದು ನಾರು ಬಿಡಿಸುತ್ತ ಕೇಳಿಸಿಕೊಂಡಳು.

"ಹಂಗಾರೆ ಅವತ್ತೇ ಹೇಳಕಾಗಿತ್ತು ನೀನು" ಎಂದಳು. ಕರು ಕೂಗಿತು. ಸೊಸೆಯನ್ನು ಕರೆದು, ಹಾಲು ಕರೆಯುವ ಹೊತ್ತಾಯಿತು ಎಂದು ನೆನಪಿಸಿದಳು.